ಮನೆಮಾತು ಮತ್ತು ಕಾಲೇಜಿನ ಹೊಸ್ತಿಲು

ಕಾಲೇಜಿನ ಮೊದಲ ವರ್ಷದಲ್ಲಿ ವಿದ್ಯಾರ್ಥಿಯೊಬ್ಬನು ಬರೆದುಕೊಡುವ ಪ್ರಬಂಧದಿಂದ ನಾವು ಅವನ ಬುದ್ಧಿಯನ್ನು ಅಳೆಯುತ್ತೇವೆಯೋ, ಅವನು ಹುಟ್ಟಿ ಬೆಳೆದ ಮನೆಯನ್ನು ಅಳೆಯುತ್ತೇವೆಯೋ? ಅರ್ಧ ಶತಮಾನದ ಹಿಂದೆ ನ್ಯೂಯಾರ್ಕ್ ನಗರದಲ್ಲಿ ಈ ಪ್ರಶ್ನೆ ತೀವ್ರವಾಗಿ ತಲೆದೋರಿತು.

ಅಲ್ಲಿನ ಸಿಟಿ ಕಾಲೇಜು 1847ರಲ್ಲಿ ಸ್ಥಾಪನೆಯಾದದ್ದು ಸಾಮಾನ್ಯರ ಮಕ್ಕಳಿಗೆ ಶುಲ್ಕವಿಲ್ಲದೆ ಉನ್ನತ ಶಿಕ್ಷಣ ನೀಡುವುದಕ್ಕಾಗಿ. ಕಪ್ಪು ಜನಾಂಗದವರು ನೆಲೆಸಿದ್ದ ಹಾರ್ಲೆಮ್‌ನ ದಿಣ್ಣೆಯ ಮೇಲೆ ಅದರ ಕಟ್ಟಡಗಳು ನಿಂತಿದ್ದರೂ 1960ರ ದಶಕದಲ್ಲಿ ಅಲ್ಲಿ ಓದುತ್ತಿದ್ದವರಲ್ಲಿ ಬಹುಪಾಲು ಬಿಳಿಯರೇ. 1969ರ ಏಪ್ರಿಲ್‌ನಲ್ಲಿ ಕಪ್ಪು ಜನಾಂಗದ ಮತ್ತು ಪೋರ್ಟೊರಿಕೊ ಮೂಲದ ವಿದ್ಯಾರ್ಥಿಗಳು ಕಾಲೇಜಿನ ದ್ವಾರಗಳನ್ನು ಮುಚ್ಚಿ ಮುಷ್ಕರ ಹೂಡಿದರು. ಫಲವಾಗಿ 1975ಕ್ಕೆಂದು ಯೋಚಿಸಿದ್ದ ಮುಕ್ತ ಪ್ರವೇಶವು 1970ರಲ್ಲಿಯೇ ಜಾರಿಗೆ ಬಂದಿತು. ನಗರದ ಪ್ರೌಢಶಾಲೆ ಮುಗಿಸಿದ ಪ್ರತಿಯೊಬ್ಬರಿಗೂ ನಗರ ವಿಶ್ವವಿದ್ಯಾಲಯದ ಯಾವುದಾದರೊಂದು ಕಾಲೇಜಿನಲ್ಲಿ ಸ್ಥಾನ ದೊರೆಯಿತು.

ಬಾಗಿಲೇನೋ ತೆರೆಯಿತು. ಆದರೆ ಹೊಸಬರ ಬರವಣಿಗೆಯನ್ನು ಕಂಡು ಅಧ್ಯಾಪಕರು ಕೈಚೆಲ್ಲಿದರು. ಇವರು ಕಲಿಯಲಾರರು ಎಂದವರೂ ಉಂಟು. ಅಲ್ಲಿಯೇ ಬರವಣಿಗೆ ಕಲಿಸುತ್ತಿದ್ದ ಮೀನಾ ಶಾಗ್ನೆಸಿ ಹಾಗೆನ್ನಲಿಲ್ಲ. 1970ರಿಂದ 1974ರವರೆಗೆ ವಿದ್ಯಾರ್ಥಿಗಳು ಪ್ರವೇಶದ ವೇಳೆ ಬರೆದಿದ್ದ ಸುಮಾರು 4,000 ಪ್ರಬಂಧಗಳನ್ನು ಕೂಲಂಕಷವಾಗಿ ಓದಿದರು. ತಪ್ಪುಗಳು ಅಡ್ಡಾದಿಡ್ಡಿಯಲ್ಲ, ಅವುಗಳಿಗೂ ಒಂದು ತರ್ಕವಿದೆ ಎಂದು 1977ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿದರು.

ಆಡುಮಾತಿಗೂ ನಿಯಮವಿದೆಯೆಂಬುದನ್ನು ಭಾಷಾವಿಜ್ಞಾನಿ ವಿಲಿಯಂ ಲ್ಯಾಬೋವ್ ಅದೇ ಹಾರ್ಲೆಮ್‌ನ ಹುಡುಗರ ಮಾತನ್ನು ಅಭ್ಯಸಿಸಿ ಆಗಲೇ ಹೇಳಿದ್ದರು. ಶಾಲೆಯ ಇಂಗ್ಲಿಷಿನಲ್ಲಿ 'ಹಿ ಈಸ್ ಎ ಡಾಕ್ಟರ್' ಎನ್ನಬೇಕಾದಲ್ಲಿ ಆ ಹುಡುಗರು 'ಹಿ ಎ ಡಾಕ್ಟರ್' ಎಂದಾರು. ಕನ್ನಡಿಗರಾದ ನಮಗೆ ಇದರಲ್ಲೇನು ವಿಚಿತ್ರ? 'ಅವನು ವೈದ್ಯ' ಎಂದಾಗ ನಮ್ಮ ವಾಕ್ಯದಲ್ಲಿಯೂ ಕ್ರಿಯಾಪದವಿಲ್ಲ, ಆದರೂ ಯಾರೂ ನಮ್ಮನ್ನು ತಿದ್ದುವುದಿಲ್ಲ. ಮೇಲಾಗಿ ಅವರು 'ಈಸ್' ಅನ್ನು ಬೇಕಾದಲ್ಲೆಲ್ಲ ಬಿಡುವುದಿಲ್ಲ. ಶಾಲೆಯ ಇಂಗ್ಲಿಷಿನಲ್ಲಿ ಅದನ್ನು ಕುಗ್ಗಿಸಿ ನುಡಿಯಬಹುದಾದ ಕಡೆ ಮಾತ್ರ ಬಿಡುತ್ತಾರೆ. ವಾಕ್ಯದ ಕೊನೆಯಲ್ಲಿ ಬಂದ 'ಈಸ್' ಉಳಿಯುತ್ತದೆ. ಇನ್ನೊಂದು ಸೂಕ್ಷ್ಮವನ್ನು ಗಮನಿಸಿ: 'ಹಿ ವರ್ಕಿಂಗ್' ಎಂದರೆ ಈಗ ಕೆಲಸದಲ್ಲಿದ್ದಾನೆ, 'ಹಿ ಬಿ ವರ್ಕಿಂಗ್' ಎಂದರೆ ವಾಡಿಕೆಯಾಗಿ ಕೆಲಸ ಮಾಡುತ್ತಿರುತ್ತಾನೆ. ಕೆಂಪು ಶಾಯಿಗೆ ಈ ಅಂತರ ಕಾಣುತ್ತಿರಲಿಲ್ಲ.

ಅಮೆರಿಕದ ಕಾಲೇಜುಗಳಲ್ಲಿ ಬರವಣಿಗೆ ಮತ್ತು ಸಂವಹನ ಕಲಿಸುವ ಅಧ್ಯಾಪಕರ ಸಂಘಟನೆಯೊಂದು 1949ರಿಂದ ಇದೆ. ವಿದ್ಯಾರ್ಥಿಗಳಿಗೆ ತಮ್ಮದೇ ನುಡಿಯ ಹಕ್ಕಿದೆ ಎಂಬ ನಿರ್ಣಯವನ್ನು ಅದು 1974ರಲ್ಲಿ ಅಂಗೀಕರಿಸಿತು. ಒಂದು ಪ್ರಭೇದವನ್ನು ಕೀಳೆನ್ನುವುದೆಂದರೆ ಒಂದು ಸಮುದಾಯವು ಮತ್ತೊಂದರ ಮೇಲೆ ಯಜಮಾನಿಕೆ ನಡೆಸುವುದು ಎಂಬುದು ಅದರ ತಿರುಳು. ನಿರ್ಣಯ ನ್ಯಾಯವಾದದ್ದೇ. ಆದರೆ ಮರುದಿನ ತರಗತಿಗೆ ಹೋದ ಅಧ್ಯಾಪಕರು ಏನನ್ನು ತಿದ್ದಬೇಕು, ಏನನ್ನು ಬಿಡಬೇಕು? ಉದ್ಯೋಗ ಕೊಡುವವರು ಶಿಷ್ಟ ಇಂಗ್ಲಿಷನ್ನೇ ಕೇಳುತ್ತಿರಲು, ಅದನ್ನು ಕಲಿಸದಿರುವುದು ಬಡ ವಿದ್ಯಾರ್ಥಿಗೆ ಉಪಕಾರವೇ? ಶಾಗ್ನೆಸಿಯವರು ಶಿಷ್ಟ ಬರವಣಿಗೆಯನ್ನು ಕಲಿಸುವುದನ್ನು ಕೈಬಿಡಲಿಲ್ಲ. ಕಲಿಯುವವನನ್ನು ಗೌರವಿಸಿಯೇ ಕಲಿಸಿದರು. ನನ್ನ ಮಟ್ಟಿಗೆ ನಿರ್ಣಯಕ್ಕಿಂತಲೂ ಈ ದುಡಿಮೆಯೇ ಹಿರಿದು.

ನಗರವು ಆರ್ಥಿಕ ಸಂಕಟಕ್ಕೆ ಸಿಲುಕಿ 1976ರಲ್ಲಿ ಶುಲ್ಕ ವಿಧಿಸಿತು. ಶಾಗ್ನೆಸಿ 1978ರಲ್ಲಿ, ತಮ್ಮ 54ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಿಂದುಳಿದವರಿಗಾಗಿ ನಡೆಯುತ್ತಿದ್ದ ಪೂರಕ ತರಗತಿಗಳನ್ನು ನಾಲ್ಕು ವರ್ಷದ ಕಾಲೇಜುಗಳಿಂದ ತೆಗೆಯಲು ವಿಶ್ವವಿದ್ಯಾಲಯವು 1990ರ ದಶಕದ ಕೊನೆಯಲ್ಲಿ ತೀರ್ಮಾನಿಸಿತು. ಅಧ್ಯಾಪಕರು ಮಾತ್ರ ತಮ್ಮ ಹಳೆಯ ನಿರ್ಣಯವನ್ನು 2003ರಲ್ಲಿ ಪುನಃ ದೃಢಪಡಿಸಿದರು.