ಚಿಯಾ: ಅಡುಗೆಮನೆ ಕಾಪಾಡಿದ ಬೀಜ

ಪೇಟೆಯ ಅಂಗಡಿಯಲ್ಲಿ ಚಿಯಾ ಬೀಜದ ಪೊಟ್ಟಣ ಕಂಡವರು ಸಾಮಾನ್ಯವಾಗಿ ಕೇಳುವ ಮಾತು ಒಂದೇ: ‘ಇದು ನಮ್ಮ ಕಾಮಕಸ್ತೂರಿ ಬೀಜ ಅಲ್ವಾ?’

ಅಲ್ಲ. ನೀರಿಗೆ ಹಾಕಿದರೆ ಎರಡೂ ಲೋಳೆಯಾಗಿ ಉಬ್ಬುತ್ತವೆ, ನಿಜ. ಆದರೆ ಕಾಮಕಸ್ತೂರಿ ತುಳಸಿಯ ಬಳಗದ್ದು. ಚಿಯಾ ಸಾಲ್ವಿಯಾ ಬಳಗದ್ದು. ಈ ಬಳಗವನ್ನೇ ಇಂಗ್ಲಿಷಿನಲ್ಲಿ ‘ಸೇಜ್’ ಅನ್ನುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ ತುಳಸಿ, ಪುದೀನ, ತುಂಬೆ, ದೊಡ್ಡಪತ್ರೆ, ಸಾಲ್ವಿಯಾ ಎಲ್ಲವೂ ಒಂದೇ ದೊಡ್ಡ ಕುಟುಂಬದ ದಾಯಾದಿಗಳು. ತುಳಸಿಯ ಎಳೆ ಕಾಂಡವನ್ನು ಬೆರಳಲ್ಲಿ ಹಿಡಿದು ನೋಡಿ, ದುಂಡಗಿರದೆ ಚೌಕವಾಗಿರುತ್ತದೆ. ಈ ಕುಟುಂಬದ ಗುರುತು ಅದು.

ಸಾಲ್ವಿಯಾದಲ್ಲಿ ಸಾವಿರದಷ್ಟು ಜಾತಿಗಳಿವೆ. ಉದ್ಯಾನಗಳಲ್ಲಿ ಸಾಲಾಗಿ ನಿಲ್ಲುವ ಕೆಂಪು ಹೂವಿನ ಸಾಲ್ವಿಯಾ ನೀವೂ ನೋಡಿರುತ್ತೀರಿ. ಅದರ ತವರು ಬ್ರೆಜಿಲ್, ಕೆಲಸ ಅಂದಕ್ಕೆ ಮಾತ್ರ. ಮನೆಬಳಕೆಗೆ ಬಂದ ಸಾಲ್ವಿಯಾಗಳ ಕತೆ ಬೇರೆ.

ಮೆಡಿಟರೇನಿಯನ್ ಕಡಲ ಸುತ್ತಲಿನ ಊರುಗಳಲ್ಲಿ ಅಡುಗೆ ಸೇಜ್ ಇದೆ. ಬೂದು ಹಸಿರಿನ, ನುಣುಪು ರೋಮದ ಎಲೆ. ಸಾಲ್ವಿಯಾ ಎಂಬ ಹೆಸರೇ ಲ್ಯಾಟಿನ್ನಿನಲ್ಲಿ ‘ಆರೋಗ್ಯವಾಗಿರು’ ಎಂಬ ಅರ್ಥದ ಪದದಿಂದ ಹುಟ್ಟಿದ್ದು. ಸುಮಾರು 800ನೇ ಇಸವಿಯ ಹೊತ್ತಿಗೆ ಯುರೋಪಿನ ದೊರೆ ಶಾರ್ಲ್‌ಮೇನ್‌ನ ತೋಟಗಳಲ್ಲಿ ಬೆಳೆಸಬೇಕಾದ ಗಿಡಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. ಮಾಂಸದಡುಗೆಗೆ ಎಲೆ, ಗಂಟಲು ಕೆರೆತಕ್ಕೆ ಎಲೆ ಕುದಿಸಿದ ನೀರು. ನಮ್ಮ ಹಿತ್ತಲಲ್ಲಿ ದೊಡ್ಡಪತ್ರೆಗೆ ಇರುವ ಜಾಗ ಅಲ್ಲಿ ಸೇಜಿಗೆ. ಅಲ್ಲಿಯೇ ಕ್ಲಾರಿ ಎಂಬ ಇನ್ನೊಂದು ಸೇಜ್ ಇದೆ. ಕಣ್ಣಿಗೆ ಕಸ ಬಿದ್ದಾಗ ಅದರ ಬೀಜದ ಲೋಳೆಯಿಂದ ತೆಗೆಯುತ್ತಿದ್ದರು. ಈಗ ಯಾರೂ ಹಾಗೆ ಮಾಡಬಾರದು, ಶುದ್ಧ ನೀರೇ ಸಾಕು.

ಇನ್ನು ಚಿಯಾ. ಇದರ ತವರು ಮೆಕ್ಸಿಕೋ ಮತ್ತು ಗ್ವಾಟೆಮಾಲ. ಅಲ್ಲಿನ ಅಜ್ಟೆಕ್ ಜನರಿಗೆ ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಕಾಳುಗಳ ಜೊತೆಗೆ ಚಿಯಾ ದಿನದ ಆಹಾರ. ಹುರಿದು ಬೀಸಿ ಹಿಟ್ಟು ಮಾಡುತ್ತಿದ್ದರು, ನೀರಲ್ಲಿ ನೆನೆಸಿ ಕುಡಿಯುತ್ತಿದ್ದರು, ಎಣ್ಣೆ ತೆಗೆಯುತ್ತಿದ್ದರು. ಮೆಂಡೋಜಾ ಎಂಬ ಹೆಸರಿನ 16ನೇ ಶತಮಾನದ ಚಿತ್ರಹೊತ್ತಗೆ ಇದೆ. ಅದರ ಲೆಕ್ಕದಂತೆ 38 ಪ್ರಾಂತ್ಯಗಳ ಪೈಕಿ 21 ಪ್ರಾಂತ್ಯಗಳು ಅರಸರಿಗೆ ಕಪ್ಪವಾಗಿ ಚಿಯಾ ಕೊಡುತ್ತಿದ್ದವು. ನಮ್ಮಲ್ಲಿ ಹಿಂದೆ ಕಂದಾಯವನ್ನು ದವಸದಲ್ಲಿ ಅಳೆದ ಹಾಗೆ.

1521ರಲ್ಲಿ ಸ್ಪೇನಿನವರು ಅಜ್ಟೆಕ್ ರಾಜಧಾನಿ ಗೆದ್ದರು. ಹೊಸ ಒಡೆಯರು ತಮ್ಮ ಗೋಧಿ, ಬಾರ್ಲಿ ತಂದರು. ಚಿಯಾ ಅಲ್ಲಿನವರ ಪೂಜೆಗೂ ಬಳಕೆಯಾಗುತ್ತಿದ್ದುದರಿಂದ ಅದಕ್ಕೆ ಮನ್ನಣೆ ಸಿಗಲಿಲ್ಲ. ಅದು ಯುರೋಪಿನಲ್ಲೂ ಬೇರೂರಲಿಲ್ಲ. ಹಗಲು ಚಿಕ್ಕದಾದ ಮೇಲೆ ಹೂ ಬಿಡುವ ಗಿಡ ಅದು. ಅಲ್ಲಿ ಬೀಜ ಕಟ್ಟುವ ಮೊದಲೇ ಹಿಮ ಬಿದ್ದುಬಿಡುತ್ತದೆ. ತಮಾಷೆ ನೋಡಿ, 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಇಟ್ಟ ಹೆಸರು ‘ಸಾಲ್ವಿಯಾ ಹಿಸ್ಪಾನಿಕಾ’, ಅಂದರೆ ಸ್ಪೇನಿನ ಸಾಲ್ವಿಯಾ! ಬೆಳೆದವರ ಹೆಸರು ಹೋಗಿ, ಗೆದ್ದವರ ಊರಿನ ಹೆಸರು ಗಿಡಕ್ಕೆ ಅಂಟಿಕೊಂಡಿತು.

ಹೊಲಗಳಲ್ಲಿ ಚಿಯಾ ಕುಗ್ಗಿತು. ಕಪ್ಪ ಕೇಳುವ ಅರಸರೂ ಇರಲಿಲ್ಲ. ಆದರೂ ಅದು ಅಳಿಯಲಿಲ್ಲ. ಕಾರಣ, ಮೆಕ್ಸಿಕೋದ ಹಳ್ಳಿಮನೆಗಳು. ನಿಂಬೆರಸ, ಸಕ್ಕರೆ, ನೆನೆದ ಚಿಯಾ ಹಾಕಿದ ತಂಪು ಪಾನಕವನ್ನು ಅವರು ಬಿಡಲಿಲ್ಲ. ಓಲಿನಾಲಾ ಎಂಬ ಊರಿನ ಕುಶಲಕರ್ಮಿಗಳು ಸೋರೆಬುರುಡೆ, ಮರದ ಪೆಟ್ಟಿಗೆಗಳಿಗೆ ಬಣ್ಣ ಮೆರುಗು ಕೊಡಲು ಚಿಯಾ ಎಣ್ಣೆಯನ್ನೇ ಬಳಸುತ್ತಾ ಬಂದರು. ಒಂದು ಲೋಟ ಪಾನಕ, ಒಂದು ಬಟ್ಟಲು ಎಣ್ಣೆ. ಇಷ್ಟಕ್ಕಾಗಿ ಬಿತ್ತಿದ ತುಂಡು ಜಮೀನುಗಳಲ್ಲೇ ಬೀಜ ನಾಲ್ಕು ಶತಮಾನ ದಾಟಿತು. 1990ರ ದಶಕದಲ್ಲಿ ವಿಜ್ಞಾನಿಗಳು ಅರ್ಜೆಂಟೀನಾದಲ್ಲಿ ಚಿಯಾವನ್ನು ಮತ್ತೆ ದೊಡ್ಡ ಬೆಳೆಯಾಗಿ ಬೆಳೆಸಲು ಹೊರಟಾಗ ಬಿತ್ತಲು ಬೀಜ ಉಳಿದಿತ್ತು ಎಂದರೆ, ಆ ಪುಣ್ಯ ಈ ಮನೆಗಳದ್ದು.

ಅಲ್ಲಿಂದ ಅದು ನಮ್ಮಲ್ಲಿಗೂ ಬಂತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ಚಿಯಾ ಬೇಸಾಯವನ್ನು ರೈತರಿಗೆ ಪರಿಚಯಿಸಿತು. 2010ರ ದಶಕದಲ್ಲಿ ಎಚ್.ಡಿ. ಕೋಟೆ ಕಡೆಯ ಹೊಲಗಳಲ್ಲಿ ಅದರ ನೀಲಿ ಹೂ ಕಂಡಿತು. ಎಲೆಯ ಘಾಟಿಗೆ ಕೀಟದ ಕಾಟ ಕಡಿಮೆ. ಬೆಳೆಯಲು ಕಷ್ಟವಿಲ್ಲ, ಕಷ್ಟ ಇರುವುದು ಮಾರುವುದರಲ್ಲಿ. ಬೆಲೆ ಏರಿದ ವರ್ಷವೂ ಇದೆ, ಕುಸಿದ ವರ್ಷವೂ ಇದೆ. ರಾಗಿ ಬೆಲೆ ಬಿದ್ದರೆ ಕಣಜದಲ್ಲಿಟ್ಟು ಮುದ್ದೆ ಮಾಡಿ ಉಣ್ಣುತ್ತೇವೆ. ಚಿಯಾ ಬೆಲೆ ಬಿದ್ದರೆ ಮೂಟೆ ಮುಂದೆ ಕೂತು ವ್ಯಾಪಾರಿಯ ದಾರಿ ಕಾಯುತ್ತೇವೆ. ವ್ಯತ್ಯಾಸ ಬೆಳೆಯಲ್ಲಿಲ್ಲ, ಅದು ನಮ್ಮ ಒಲೆಯ ತನಕ ಬಂದಿಲ್ಲ ಅನ್ನುವುದರಲ್ಲಿದೆ.

ಬೆಳೆದವರು ಒಂದೆರಡು ಸೇರು ಮನೆಗೆ ಇಟ್ಟುಕೊಳ್ಳಿ. ಒಂದು ಚಮಚ ಬೀಜವನ್ನು ದೊಡ್ಡ ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಬೆಲ್ಲ, ನಿಂಬೆ ಹಿಂಡಿದರೆ ಪಾನಕ. ಮಜ್ಜಿಗೆಗೂ ಹಾಕಬಹುದು, ಹುರಿದು ಪುಡಿ ಮಾಡಿ ರೊಟ್ಟಿ ಹಿಟ್ಟಿಗೂ ಬೆರೆಸಬಹುದು. ಒಂದು ಎಚ್ಚರಿಕೆ: ಒಣ ಬೀಜವನ್ನು ಹಾಗೇ ಬಾಯಿಗೆ ಹಾಕಿ ನೀರು ಕುಡಿಯಬೇಡಿ. ಅದು ತನ್ನ ತೂಕದ ಹತ್ತು ಪಟ್ಟು ನೀರು ಹೀರಿ ಉಬ್ಬುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮಕ್ಕಳು, ವಯಸ್ಸಾದವರ ವಿಷಯದಲ್ಲಿ ಇದು ಮುಖ್ಯ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಶುರುಮಾಡಿ.

ಅಂಗಡಿಯಲ್ಲಿ ಗುರುತು ಹಿಡಿಯುವುದೂ ಸುಲಭ. ಕಾಮಕಸ್ತೂರಿ ಬೀಜ ಒಂದೇ ಸಮನೆ ಕಪ್ಪು, ಕೆಲವೇ ನಿಮಿಷದಲ್ಲಿ ಉಬ್ಬುತ್ತದೆ. ಚಿಯಾ ಬೂದು, ಕಂದು, ಬಿಳಿ ಚುಕ್ಕೆಗಳ ಬೆರಕೆ, ನೆನೆಯಲು ಹೊತ್ತು ಬೇಕು. ಹಾಗೆಂದು ಚಿಯಾ ಬಂತೆಂದು ಕಾಮಕಸ್ತೂರಿಯನ್ನು ಹಿತ್ತಲಿನಿಂದ ಕಿತ್ತು ಹಾಕಬೇಡಿ. ಅದನ್ನು ಇಷ್ಟು ಕಾಲ ಉಳಿಸಿದ್ದೂ ನಮ್ಮಜ್ಜಿಯರ ಬೇಸಿಗೆಯ ಪಾನಕವೇ.