ಒಕ್ಕಗಳ ಹಾಕಿ: ಕೊಡಗಿನ ಒಂದು ಸ್ವತಂತ್ರ ಕ್ರೀಡಾಪರಂಪರೆ

ಕಣ್ಣೂರಿನಿಂದ ಇರಿಟ್ಟಿಯ ಮಾರ್ಗವಾಗಿ ಪೂರ್ವಾಭಿಮುಖನಾಗಿ ಬರುವ ಪಥಿಕನು ಕೂಟುಪುಳದ ಸೇತುವೆಯನ್ನು ದಾಟಿ ಕೊಡಗಿನ ನೆಲವನ್ನು ಮೆಟ್ಟಿದಾಗ ಅವನನ್ನು ಮೊದಲು ಎದುರುಗೊಳ್ಳುವುದು ಮಾಕುಟ್ಟ. ದಟ್ಟವಾದ ಮಳೆಕಾಡು, ಅದರ ನಡುವೆ ತಿರುವುಗಳನ್ನು ಬಳಸಿ ಪೆರುಂಬಾಡಿಯತ್ತ ಏರುವ ಘಟ್ಟದ ರಸ್ತೆ, ಗಡಿಯ ತಪಾಸಣಾ ಠಾಣೆ, ಇಷ್ಟೇ ಇಲ್ಲಿನ ದೃಶ್ಯವೆಂದು ಮೇಲ್ನೋಟಕ್ಕೆ ತೋರಿದರೂ ಈ ದಿಕ್ಕಿನ ಘಟ್ಟಗಳು ಕೊಡಗಿನ ಇತಿಹಾಸದಲ್ಲಿ ವಹಿಸಿದ ಪಾತ್ರವು ಅಲ್ಪವಾದುದಲ್ಲ. ಕೊಡಗಿನ ಅಕ್ಕಿಯು ಮಲೆಯಾಳದ ಕರಾವಳಿಗೆ ಇಳಿದುದೂ, ಕರಾವಳಿಯ ಉಪ್ಪು ಕೊಡಗಿಗೆ ಏರಿದುದೂ ಇವುಗಳ ಮೂಲಕ. 1834ರ ಏಪ್ರಿಲ್ ತಿಂಗಳಿನಲ್ಲಿ ಕಂಪನಿ ಸರ್ಕಾರವು ಕೊಡಗಿನ ಅರಸನಾದ ಚಿಕ್ಕವೀರರಾಜೇಂದ್ರನ ಮೇಲೆ ದಂಡೆತ್ತಿ ಬಂದಾಗ ಕರ್ನಲ್ ಫೌಲಿಸನ ಅಧೀನದಲ್ಲಿದ್ದ ಪಶ್ಚಿಮದ ಸೇನಾವಿಭಾಗವು ಕಣ್ಣೂರಿನಿಂದ ಹೊರಟು, ಹೆಗ್ಗಳದ ಘಟ್ಟವನ್ನೇರಿ, ವಿರಾಜಪೇಟೆಯನ್ನು ಸೇರಿದುದೂ ಈ ಪಾರ್ಶ್ವದಿಂದಲೇ.

ಆ ಯುದ್ಧದೊಡನೆ ಹಾಲೇರಿ ಅರಸರ ಆಳ್ವಿಕೆಯು ಕೊನೆಗೊಂಡು ಬ್ರಿಟಿಷರ ಆಡಳಿತವು ನೆಲೆಯೂರಿತು. ತರುವಾಯದ ಕಾಲದಲ್ಲಿ ಇಂಗ್ಲಿಷ್ ಶಾಲೆಗಳು, ಕಾಫಿಯ ತೋಟಗಳು, ಸೈನ್ಯದ ನೌಕರಿ, ಇವುಗಳ ಜೊತೆಗೆ ಬಂದ ಹಲವು ವಸ್ತುಗಳಲ್ಲಿ ಹಾಕಿಯ ಆಟವೂ ಒಂದು. ಹೊರಗಿನಿಂದ ಬಂದ ಈ ಆಟವು ಇಲ್ಲಿ ಅನ್ಯವಾಗಿ ಉಳಿಯದಿದ್ದುದಕ್ಕೆ ಕಾರಣವನ್ನು ಕೊಡವರ ಪೂರ್ವಾಚಾರಗಳಲ್ಲಿಯೇ ಹುಡುಕಬೇಕು. ಕೈಲ್‌ಪೊಳ್ದಿನಂದು ಆಯುಧಗಳನ್ನು ಪೂಜಿಸಿ ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹೊಡೆಯುವುದು, ಪುತ್ತರಿಯ ಕಾಲದಲ್ಲಿ ಊರಿನವರೆಲ್ಲರೂ ಊರ ಬಯಲಾದ ಮಂದಿನಲ್ಲಿ ನೆರೆದು ಕೋಲಾಟವಾಡುವುದು, ಬೆತ್ತವನ್ನೂ ಗುರಾಣಿಯನ್ನೂ ಹಿಡಿದು ಪರೆಯಕಳಿಯಲ್ಲಿ ಎದುರಾಳಿಯ ಕಾಲಿಗೆ ಹೊಡೆಯುವುದು, ಇವೆಲ್ಲವೂ ಈ ಜನರಿಗೆ ಪರಂಪರೆಯಿಂದ ಬಂದ ಅಭ್ಯಾಸಗಳು. ಕೈಯಲ್ಲಿ ಕೋಲು ಹಿಡಿದು, ನಿಯಮಕ್ಕೆ ಕಟ್ಟುಬಿದ್ದು, ನೆರೆದ ಊರಿನ ಸಮಕ್ಷದಲ್ಲಿ ಸೆಣಸುವ ಆಟವೊಂದು ಅವರಿಗೆ ಹೊಸತೆನಿಸಲಿಲ್ಲ. ಅಂಗಡಿಯ ಸ್ಟಿಕ್ಕು ದೊರೆಯದ ದಿನಗಳಲ್ಲಿ ಕಾಡಿನ ಬಾಗಿದ ಕೊಂಬೆಯನ್ನು ಕಡಿದು ಗದ್ದೆಯ ಬಯಲಿನಲ್ಲಿ ಆಡುತ್ತಿದ್ದ ಬಾಲ್ಯವನ್ನು ಹಿರಿಯರು ಈಗಲೂ ನೆನೆಯುವುದುಂಟು.

ಈ ಬಯಲುಗಳಿಂದ ಭಾರತದ ತಂಡಕ್ಕೆ ಹೋದವರ ಪಟ್ಟಿಯು ದೀರ್ಘವಾದುದು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಪಡೆದ ತಂಡದಲ್ಲಿದ್ದ ಎಂ. ಪಿ. ಗಣೇಶ್ ಮತ್ತು ಬಿ. ಪಿ. ಗೋವಿಂದ, 1980ರ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದ ಆಟಗಾರನಾಗಿದ್ದು 1988ರ ಸೋಲ್‌ನಲ್ಲಿ ನಾಯಕತ್ವವನ್ನು ವಹಿಸಿದ ಎಂ. ಎಂ. ಸೋಮಯ್ಯ, ಗೋಲುರಕ್ಷಕ ಎ. ಬಿ. ಸುಬ್ಬಯ್ಯ, ಅನಂತರದ ಪೀಳಿಗೆಯ ಅರ್ಜುನ್ ಹಾಲಪ್ಪ, ವಿ. ಆರ್. ರಘುನಾಥ್, ಎಸ್. ವಿ. ಸುನಿಲ್, ಎಸ್. ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಇವರೆಲ್ಲರೂ ಈ ಸಣ್ಣ ಜಿಲ್ಲೆಯ ಮಣ್ಣಿನವರು. ಇವರಲ್ಲಿ ಕೊಡವರಾದವರ ಹೆಸರಿನ ಮೊದಲ ಅಕ್ಷರವನ್ನು ಬಿಡಿಸಿದರೆ ಒಂದು ಒಕ್ಕದ ಹೆಸರು ಹೊರಬರುತ್ತದೆ: ಗಣೇಶರು ಮೊಳ್ಳೇರ ಒಕ್ಕದವರು, ಸೋಮಯ್ಯನವರು ಮನೆಯಪಂಡ ಒಕ್ಕದವರು, ಸುಬ್ಬಯ್ಯನವರು ಅಂಜಪರವಂಡ ಒಕ್ಕದವರು. ಒಬ್ಬ ಮೂಲಪುರುಷನಿಂದ ಇಳಿದುಬಂದು, ಒಂದೇ ಐನ್‌ಮನೆಯನ್ನು ತಮ್ಮದೆಂದು ಬಗೆದು, ಅಲ್ಲಿನ ಕೈಮಡದಲ್ಲಿ ಪೂರ್ವಜರಿಗೆ ಕೈಮುಗಿಯುವವರ ಸಮೂಹವೇ ಒಕ್ಕ. ಕೊಡವನು ಲೋಕದ ಯಾವ ಮೂಲೆಯಲ್ಲಿದ್ದರೂ ತನ್ನ ಹೆಸರಿಗೆ ಮುನ್ನ ಒಕ್ಕದ ಹೆಸರನ್ನು ಧರಿಸಿರುತ್ತಾನೆ.

ಇಂಥ ಒಕ್ಕವನ್ನೇ ಒಂದು ತಂಡವನ್ನಾಗಿ ಮಾಡಿ ಆಡಿಸಬಹುದೆಂಬ ಸರಳವೂ ಗಂಭೀರವೂ ಆದ ಯೋಚನೆಯು ಹೊಳೆದುದು ಪಾಂಡಂಡ ಕುಟ್ಟಪ್ಪನವರಿಗೆ. ಬ್ಯಾಂಕಿನ ನೌಕರಿಯಿಂದ ನಿವೃತ್ತರಾಗಿದ್ದ, ಹಾಕಿಯಲ್ಲಿ ಆಳವಾದ ಆಸಕ್ತಿಯುಳ್ಳ, ಕುಟ್ಟಣಿಯೆಂದು ನಾಡಿಗೆಲ್ಲ ಪರಿಚಿತರಾಗಿದ್ದ ಅವರು, ಉದ್ಯೋಗವನ್ನರಸಿ ಬೆಂಗಳೂರು ಮೈಸೂರುಗಳಿಗೂ ಸೈನ್ಯದ ಠಾಣ್ಯಗಳಿಗೂ ಹೊರದೇಶಗಳಿಗೂ ಚದುರಿಹೋದ ಮಕ್ಕಳು ಒಂದೇ ಒಕ್ಕದವರಾಗಿದ್ದೂ ಪರಸ್ಪರ ಗುರುತಿಸದ ಸ್ಥಿತಿಗೆ ಬರುತ್ತಿರುವುದನ್ನು ಕಂಡು, ಅವರನ್ನು ಮರಳಿ ಕೂಡಿಸುವ ಸಾಧನವನ್ನು ಹಾಕಿಯಲ್ಲಿ ಕಂಡುಕೊಂಡರು. ಸಹೋದರ ಕಾಶಿಯವರು ಅವರಿಗೆ ಹೆಗಲು ಕೊಟ್ಟರು. 1997ರಲ್ಲಿ ವಿರಾಜಪೇಟೆಯ ಸೀಮೆಗೆ ಸೇರಿದ ಕರಡ ಗ್ರಾಮದಲ್ಲಿ ಪಾಂಡಂಡ ಕಪ್ಪಿಗಾಗಿ ನಡೆದ ಮೊದಲ ಪಂದ್ಯಾವಳಿಯಲ್ಲಿ 60 ಒಕ್ಕಗಳು ಆಡಿದವು. ಯಾವ ಸಂಘದ ಆಶ್ರಯವೂ ಇಲ್ಲದೆ, ಯಾವ ವ್ಯಾಪಾರಿಯ ಬಂಡವಾಳವೂ ಇಲ್ಲದೆ, ಒಂದು ಮನೆತನವು ತನ್ನ ಹೆಸರಿನಲ್ಲಿ ಕಪ್ಪನ್ನಿಟ್ಟು ಉಳಿದ ಮನೆತನಗಳನ್ನು ಆಟಕ್ಕೆ ಕರೆದುದು, ಮದುವೆಗೋ ನಮ್ಮೆಗೋ ಕರೆಯುವ ಕ್ರಮದಲ್ಲಿಯೇ ಸಾಗಿತು. ಜನರು ಇದಕ್ಕಿಟ್ಟ ಹೆಸರೂ ಹಾಕಿ ನಮ್ಮೆ, ಎಂದರೆ ಹಾಕಿಯ ಹಬ್ಬ.

ಮುಂದಿನ ವರ್ಷ ಆ ಹೊಣೆಯನ್ನು ಇನ್ನೊಂದು ಒಕ್ಕವು ವಹಿಸಿಕೊಂಡುದರಿಂದ ಒಂದು ಮನೆಯ ಉತ್ಸವವು ನಾಡಿನ ಸಂಪ್ರದಾಯವಾಗಿ ಪರಿಣಮಿಸಿತು. 1998ರಲ್ಲಿ ಕಡಂಗದಲ್ಲಿ ನಡೆದ ಕೋಡಿರ ಕಪ್ಪಿಗೆ 116 ಒಕ್ಕಗಳೂ, 1999ರಲ್ಲಿ ಕಾಕೋಟುಪರಂಬಿನ ಬಲ್ಲಚಂಡ ಕಪ್ಪಿಗೆ 140 ಒಕ್ಕಗಳೂ, 2000ದಲ್ಲಿ ಪೊನ್ನಂಪೇಟೆಯ ಚೆಪ್ಪುಡಿರ ಕಪ್ಪಿಗೆ 170 ಒಕ್ಕಗಳೂ ಬಂದವು. 2001ರಲ್ಲಿ ಅಮ್ಮತ್ತಿಯಲ್ಲಿ ನೆಲ್ಲಮಕ್ಕಡ, 2002ರಲ್ಲಿ ಹುದಿಕೇರಿಯಲ್ಲಿ ಚೆಕ್ಕೇರ, 2003ರಲ್ಲಿ ನಾಪೋಕ್ಲಿನಲ್ಲಿ ಕಲಿಯಂಡ, ಹೀಗೆ ಕಪ್ಪಿನ ಹೆಸರೂ ಆಟದ ಊರೂ ವರ್ಷವರ್ಷಕ್ಕೆ ಬದಲಾಗುತ್ತ ಹೋದರೂ ಕ್ರಮವು ಮುರಿಯಲಿಲ್ಲ. 2017ರಲ್ಲಿ ಬಿದ್ದಾಟಂಡ ಒಕ್ಕವು ನಾಪೋಕ್ಲಿನಲ್ಲಿ ನಡೆಸಿದ ಆಟಕ್ಕೆ ಬಂದ ಒಕ್ಕಗಳ ಸಂಖ್ಯೆಯು ಮುನ್ನೂರನ್ನು ಮೀರಿತ್ತು. ನಿಯಮಗಳನ್ನು ಕಾಯುವುದಕ್ಕೂ ಆತಿಥ್ಯದ ಸರದಿಯನ್ನು ನಿರ್ಣಯಿಸುವುದಕ್ಕೂ ಕೊಡವ ಹಾಕಿ ಅಕಾಡೆಮಿಯು ಏರ್ಪಟ್ಟಿತು.

ಈ ಆಟದ ಋತುವನ್ನು ಗೊತ್ತುಮಾಡಿದುದು ನಾಡಿನ ಬೇಸಾಯವೂ ಮಳೆಯೂ. ಕಾಫಿಯ ಕೊಯ್ಲು ಮುಗಿದು, ಹೂಮಳೆ ಬಿದ್ದು, ಗದ್ದೆಯ ಕೆಲಸವು ಇನ್ನೂ ಮೊದಲಾಗದ ಏಪ್ರಿಲ್ ಮೇ ತಿಂಗಳುಗಳಲ್ಲಿ ತೋಟದವನಿಗೆ ಬಿಡುವಿರುತ್ತದೆ; ಶಾಲೆಗಳಿಗೆ ರಜೆಯಿರುತ್ತದೆ; ದೂರದಲ್ಲಿರುವವನು ಊರಿಗೆ ಬರಲು ಅದೇ ಸಮಯವನ್ನು ಆರಿಸಿಕೊಳ್ಳುತ್ತಾನೆ. ಜೂನ್ ಬಂದಿತೆಂದರೆ ಮಾಕುಟ್ಟದ ಕಡೆಯಿಂದ ಏರಿಬರುವ ಮೋಡಗಳು ಬಯಲುಗಳನ್ನೆಲ್ಲ ಕೆಸರಾಗಿಸುವುದರಿಂದ ಅಷ್ಟರೊಳಗೆ ಎಲ್ಲವೂ ಮುಗಿಯಬೇಕು. ಸೋತ ತಂಡವು ಹೊರಗಾಗುವ ಪದ್ಧತಿಯಲ್ಲಿ ನಾಲ್ಕುನೂರು ತಂಡಗಳಿದ್ದರೆ ಒಂದು ಕಡಮೆ ನಾಲ್ಕುನೂರು ಪಂದ್ಯಗಳಾಗಬೇಕಷ್ಟೆ; ಇವನ್ನು ಸುಮಾರು ಒಂದು ತಿಂಗಳಿನೊಳಗೆ ಅಡಕಿಸಬೇಕಾದುದರಿಂದ ಒಂದಕ್ಕಿಂತ ಹೆಚ್ಚು ಮೈದಾನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಟ ನಡೆಯುತ್ತದೆ. ತಂಡದ ರಚನೆಯಲ್ಲಿ ಈ ಪಂದ್ಯಾವಳಿಗೆ ಸಾಟಿಯಾದುದು ವಿರಳ. ಭಾರತಕ್ಕಾಗಿ ಆಡಿದವನೂ, ಸ್ಟಿಕ್ಕು ಹಿಡಿಯಲು ಈಗಷ್ಟೇ ಕಲಿತ ಹತ್ತು ವರ್ಷದ ಬಾಲಕನೂ, ಎಪ್ಪತ್ತು ದಾಟಿದ ಅಜ್ಜನೂ, ಮನೆಯ ಹೆಣ್ಣುಮಕ್ಕಳೂ ಒಂದೇ ಅಂಗಿಯನ್ನು ತೊಟ್ಟು ಒಂದೇ ತಂಡದಲ್ಲಿ ಓಡುತ್ತಾರೆ. ಅಂತಿಮ ಪಂದ್ಯದ ದಿನ ಕುಪ್ಯಚೇಲೆ ಧರಿಸಿದ ಹಿರಿಯರೂ, ವಾಲಗದ ನಾದವೂ, ಗ್ಯಾಲರಿಯನ್ನು ತುಂಬಿದ ಸಹಸ್ರಾರು ಜನರೂ ಸೇರಿ ಮೈದಾನವು ಮಂದಿನ ಸ್ವರೂಪವನ್ನೇ ತಾಳುತ್ತದೆ.

ಲೋಕದ ಬೇರೆ ದೇಶಗಳಲ್ಲಿಯೂ ದೊಡ್ಡ ಸಂಸ್ಥೆಗಳ ಹೊರಗೆ ನಿಂತು ಆಡಿದ ಸ್ವತಂತ್ರ ಲೀಗುಗಳ ಇತಿಹಾಸವುಂಟು. ಅಮೆರಿಕದ ಬೇಸ್‌ಬಾಲಿನಲ್ಲಿ ಸಣ್ಣ ಊರುಗಳ ವೃತ್ತಿಪರ ತಂಡಗಳು ಬಹುಮಟ್ಟಿಗೆ ಮಹಾನಗರಗಳ ತಂಡಗಳಿಗೆ ಅಧೀನವಾಗಿದ್ದು, ಬೆಳೆದ ಆಟಗಾರನನ್ನು ಮೇಲಿನವರಿಗೆ ಒಪ್ಪಿಸುವುದೇ ಅವುಗಳ ಕರ್ತವ್ಯವಾಗಿದ್ದಿತು. ಮೈಲ್ಸ್ ವುಲ್ಫ್ ಎಂಬಾತನು 1993ರಲ್ಲಿ ಈ ಕಟ್ಟನ್ನು ಒಪ್ಪದೆ ನಾರ್ದರ್ನ್ ಲೀಗ್ ಎಂಬ ಹಳೆಯ ಹೆಸರಿಗೆ ಪುನರ್ಜೀವವನ್ನಿತ್ತು, ಸೇಂಟ್ ಪಾಲ್, ಡುಲೂತ್, ಸೂ ಫಾಲ್ಸ್, ಸೂ ಸಿಟಿ, ರಾಚೆಸ್ಟರ್ ಮತ್ತು ಕೆನಡಾದ ಥಂಡರ್ ಬೇ ಎಂಬ ಆರು ಊರುಗಳ ತಂಡಗಳನ್ನು ಕೂಡಿಸಿ ಆಡಿಸಿದನು. ಜನರು ಒಲಿದು ಬಂದರು. ಆದರೂ 2005ರ ಋತುವಿನ ಬಳಿಕ ಪ್ರಮುಖ ತಂಡಗಳು ಬೇರೆಯಾಗಿ ಇನ್ನೊಂದು ಕೂಟವನ್ನು ಕಟ್ಟಿಕೊಂಡವು, 2010ರ ತರುವಾಯ ಆ ಲೀಗು ಇಲ್ಲವಾಯಿತು, 2021ರಲ್ಲಿ ಸೇಂಟ್ ಪಾಲ್ ತಂಡವು ಮಿನ್ನೆಸೋಟದ ದೊಡ್ಡ ತಂಡವೊಂದರ ಅಂಗವಾಯಿತು. ನಮ್ಮ ದೇಶದ ಹಾಕಿಯಲ್ಲಿಯೂ ಇದೇ ಬಗೆಯ ಏಳುಬೀಳು ಕಾಣುತ್ತದೆ. 2005ರಲ್ಲಿ ಮೊದಲಾದ ಪ್ರೀಮಿಯರ್ ಹಾಕಿ ಲೀಗ್ 2008ಕ್ಕೆ ನಿಂತಿತು. 2012ರ ವರ್ಲ್ಡ್ ಸೀರೀಸ್ ಹಾಕಿ ಒಂದೇ ಋತುವಿಗೆ ಮುಗಿಯಿತು. 2013ರಲ್ಲಿ ಹುಟ್ಟಿದ ಹಾಕಿ ಇಂಡಿಯಾ ಲೀಗ್ 2017ರ ಬಳಿಕ ಹಲವು ವರ್ಷ ನಿದ್ರಿಸಿ, 2024ರ ಕೊನೆಯಲ್ಲಿ ಮತ್ತೆ ಎದ್ದಿತು.

ಈ ಲೀಗುಗಳನ್ನು ನಡೆಸಿದವರ ಶ್ರದ್ಧೆಯನ್ನು ಕಡೆಗಣಿಸುವುದು ನನ್ನ ಉದ್ದೇಶವಲ್ಲ. ಆಟಗಾರನಿಗೆ ಜೀವನೋಪಾಯವನ್ನು ಒದಗಿಸಲು ಅವು ಪಟ್ಟ ಶ್ರಮವು ಗೌರವಕ್ಕೆ ಅರ್ಹವಾದುದು. ಆದರೆ ಮಾಲೀಕನ ಬಂಡವಾಳದ ಮೇಲೆ ನಿಂತ ತಂಡವು ಆ ಬಂಡವಾಳವು ಹಿಂದೆಗೆದ ದಿನವೇ ಚದುರುತ್ತದೆ. ಒಕ್ಕವನ್ನು ಯಾರೂ ಕೊಳ್ಳುವಂತಿಲ್ಲ, ಯಾರೂ ಮಾರುವಂತಿಲ್ಲ; ಅದರ ಆಟಗಾರನು ಹೆಚ್ಚಿನ ಹಣಕ್ಕಾಗಿ ಇನ್ನೊಂದು ಒಕ್ಕಕ್ಕೆ ಹೋಗುವಂತಿಲ್ಲ; ಸೋತು ಮೊದಲ ದಿನವೇ ಹೊರಗಾದ ತಂಡವೂ ಮುಂದಿನ ವರ್ಷ ಇದ್ದೇ ಇರುತ್ತದೆ. ಕೊಡಗಿನ ಈ ಪಂದ್ಯಾವಳಿಯು ಸಂಬಳವಿಲ್ಲದ ಆಟವಾಗಿದ್ದೂ ಸಂಬಳದ ಲೀಗುಗಳಿಗಿಂತ ಹೆಚ್ಚು ಕಾಲ ನಿಂತುದರ ರಹಸ್ಯವು ಇದರಲ್ಲಿದೆ.

ಅದಕ್ಕೂ ಪರೀಕ್ಷೆಯ ಕಾಲವು ಬಾರದೆ ಇರಲಿಲ್ಲ. 2018ರ ಬೇಸಗೆಯಲ್ಲಿ ಕುಲ್ಲೇಟಿರ ಒಕ್ಕದ ಆತಿಥ್ಯದಲ್ಲಿ ನಾಪೋಕ್ಲಿನಲ್ಲಿ ಇಪ್ಪತ್ತೆರಡನೆಯ ಪಂದ್ಯಾವಳಿಯು ಮುಗಿಯಿತು. ಜೂನ್ ತಿಂಗಳಿನಲ್ಲಿ ಮಾಕುಟ್ಟದ ಘಟ್ಟವು ಹಲವೆಡೆ ಜರಿದು ಕೇರಳದ ಸಂಚಾರವು ಕಡಿದುಹೋಯಿತು. ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಬೆಟ್ಟಗಳು ಕುಸಿದು ಮನೆಗಳೂ ತೋಟಗಳೂ ಮಣ್ಣಿನಡಿಯಾದುವು. ನಾಡು ಶೋಕದಲ್ಲಿದ್ದ ಮರುವರ್ಷ ಒಕ್ಕಗಳ ಈ ಪಂದ್ಯಾವಳಿಯು ನಡೆಯಲಿಲ್ಲ. ಅದರ ಹಿಂದೆಯೇ ಕೋವಿಡ್ ವ್ಯಾಧಿಯು ಬಂದು ಮೂರು ಬೇಸಗೆಗಳನ್ನು ಕಸಿದುಕೊಂಡಿತು. 2020ರಲ್ಲಿ ಕುಟ್ಟಪ್ಪನವರೂ ತೀರಿಕೊಂಡರು. ಪ್ರವರ್ತಕನು ಗತಿಸಿ ನಾಲ್ಕು ವರ್ಷ ಮೈದಾನವು ಬರಿದಾಗಿದ್ದರೆ ಬೇರೆ ಯಾವ ಕೂಟವಾದರೂ ಅಳಿಯುತ್ತಿದ್ದಿತು. ಇಲ್ಲಿ ಹಾಗಾಗಲಿಲ್ಲ. 2023ರಲ್ಲಿ ಅಪ್ಪಚೆಟ್ಟೋಳಂಡ ಒಕ್ಕವು ನಾಪೋಕ್ಲಿನಲ್ಲಿ ಆಟವನ್ನು ಮತ್ತೆ ಆರಂಭಿಸಿದಾಗ 336 ಒಕ್ಕಗಳು ಬಂದವು. 2024ರ ಕುಂಡ್ಯೋಳಂಡ ಕಪ್ಪಿಗೆ 360 ಒಕ್ಕಗಳು ಸೇರಿ, ಪಂದ್ಯಾವಳಿಯು ಗಿನ್ನೆಸ್ ದಾಖಲೆಯನ್ನು ಪಡೆಯಿತು. 2025ರಲ್ಲಿ ಮುದ್ದಂಡ ಒಕ್ಕವು ಮಡಿಕೇರಿಯಲ್ಲಿ ನಡೆಸಿದ ಇಪ್ಪತ್ತೈದನೆಯ ಪಂದ್ಯಾವಳಿಗೆ 396 ಒಕ್ಕಗಳು ಆಡಲು ಬಂದವು. ಇಷ್ಟರಲ್ಲಿ ಈ ಮಾದರಿಯನ್ನು ಅನುಸರಿಸಿ ಅರೆಭಾಷೆಯ ಗೌಡರೂ ಕೊಡವ ಮುಸ್ಲಿಮರೂ ಮನೆತನಗಳ ಕ್ರಿಕೆಟ್ ಪಂದ್ಯಾವಳಿಗಳನ್ನು ನಡೆಸತೊಡಗಿದುದು, ಒಂದು ಜನಾಂಗದ ಯೋಚನೆಯು ನೆರೆಯವರಿಗೂ ಒಪ್ಪಿಗೆಯಾದುದಕ್ಕೆ ಸಾಕ್ಷಿಯಾಗಿದೆ.

ಆದರೂ ಒಂದು ಮಾತನ್ನು ಇಲ್ಲಿ ಹೇಳದೆ ಇರಲಾಗದು. ಗ್ಯಾಲರಿಯು ದೊಡ್ಡದಾದಂತೆ ಅದರ ವೆಚ್ಚವೂ ದೊಡ್ಡದಾಗಿದೆ. ಅರವತ್ತು ತಂಡಗಳನ್ನು ಒಂದು ಹಳ್ಳಿಯ ಮೈದಾನದಲ್ಲಿ ಆಡಿಸಿದ ಕಾಲಕ್ಕೂ ನಾಲ್ಕುನೂರರ ಸಮೀಪದ ತಂಡಗಳನ್ನು ಆಡಿಸುವ ಕಾಲಕ್ಕೂ ಹೊಣೆಯ ಅಂತರವು ಬಹಳ. ಸರ್ಕಾರದ ಅನುದಾನವೂ ದಾನಿಗಳ ನೆರವೂ ದೊರೆಯುತ್ತಿರುವುದು ಸಂತೋಷದ ವಿಷಯವೇ. ಆದರೆ ಧನಬಲವುಳ್ಳ ಒಕ್ಕವು ಮಾತ್ರ ಆತಿಥ್ಯವನ್ನು ವಹಿಸಬಲ್ಲದೆಂಬ ಸ್ಥಿತಿಯು ಒದಗಿದರೆ ಈ ಪರಂಪರೆಯ ಮೂಲಧರ್ಮಕ್ಕೆ ಕುಂದುಂಟಾಗುವುದು. ಆದುದರಿಂದ ಒಕ್ಕಗಳ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟು: ಆಡಂಬರವನ್ನು ಮಿತಗೊಳಿಸಿ, ವೆಚ್ಚವನ್ನು ಎಲ್ಲ ಒಕ್ಕಗಳೂ ಹಂಚಿಕೊಳ್ಳುವ ಕ್ರಮವೊಂದನ್ನು ಗೊತ್ತುಮಾಡಿರಿ, ಪ್ರತಿ ವರ್ಷದ ತಂಡಗಳ ಪಟ್ಟಿಯನ್ನೂ ಪಂದ್ಯಗಳ ಫಲಿತಾಂಶವನ್ನೂ ಜಮಾಖರ್ಚನ್ನೂ ಒಂದೆಡೆ ಬರೆದಿಡಿರಿ, ನಾಲ್ಕು ಮನೆಗಳಷ್ಟೇ ಉಳಿದಿರುವ ಅತಿ ಸಣ್ಣ ಒಕ್ಕವೂ ಒಂದು ದಿನ ತನ್ನ ಹೆಸರಿನ ಕಪ್ಪನ್ನು ನಾಡಿನ ಮುಂದಿಡುವಂತೆ ಮಾಡಿರಿ.