ಧರ್ಮಪುರದ ಒಲೆಯಲ್ಲಿ ಚರಿತ್ರೆ



ಚರಿತ್ರೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ರಾಜರು, ಯುದ್ಧಗಳು, ಶಾಸನಗಳು. ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕಿನ ಧರ್ಮಪುರದ ಸುತ್ತ ಇವುಗಳಿಗೇನೂ ಕೊರತೆಯಿಲ್ಲ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇಲ್ಲಿಂದ ಹೆಚ್ಚು ದೂರವಿಲ್ಲ. ಗಡಿ ದಾಟಿದರೆ ಆಂಧ್ರದ ನೆಲದಲ್ಲಿದೆ. ನೊಳಂಬವಾಡಿ ಮೂವತ್ತೆರಡು ಸಾಸಿರ ಎಂಬ ಹೆಸರನ್ನು ನಿಮ್ಮ ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಈ ಸಲ ಅರಮನೆ, ದೇಗುಲಗಳನ್ನು ಬಿಟ್ಟು ಅದೇ ಸೀಮೆಯ ಅಡುಗೆಮನೆಯೊಳಗೆ ಹೋಗೋಣ.

ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸೋಣ. ಪೇಟೆಯಲ್ಲಿ ಟೊಮೇಟೊ ಬೆಲೆ ಏರಿದ ದಿನ ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ? ಸಾರಿಗೆ ಒಂದು ಹಿಡಿ ಹುಣಸೆಹಣ್ಣು ಕಿವುಚಿ ಹಾಕುತ್ತಾರೆ. ಹುಣಸೆಯೂ ಮುಗಿದಿದ್ದರೆ ಮಾವಿನಕಾಯಿ, ನಿಂಬೆಹಣ್ಣು, ಇಲ್ಲವೇ ಹುಣಸೆಯ ಚಿಗುರು. ಗಡಿ ಭಾಗದ ಮನೆಗಳಲ್ಲಿ ಹುಳಿಯ ಪುಂಡಿಸೊಪ್ಪು. ‘ಇದಿಲ್ಲದಿದ್ದರೆ ಅದು’ ಎಂಬ ಈ ಲೆಕ್ಕಾಚಾರವನ್ನು ನಾವು ಅಡುಗೆಯ ಜಾಣತನ ಎಂದಷ್ಟೇ ತಿಳಿಯುತ್ತೇವೆ. ಮಳೆ ಕೈಕೊಡುವ ಸೀಮೆಯಲ್ಲಿ ಅದು ಬದುಕುವ ವಿದ್ಯೆಯೇ ಆಗಿತ್ತು. ಇನ್ನೊಂದು ವಿಷಯ: ನಾವು ಹಳಬರೆಂದುಕೊಂಡ ಪದಾರ್ಥಗಳಲ್ಲಿ ಎಷ್ಟೋ ಒಂದು ಕಾಲಕ್ಕೆ ಇನ್ನೊಂದರ ಬದಲಿಗೆ ಬಂದು ಕುಳಿತ ಹೊಸಬರು!

ಮೊದಲು ನೆಲವನ್ನು ನೋಡಿ. ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿರುವ ಪ್ರದೇಶ ಇದು. ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಹೇಳಿದ ಹೊತ್ತಿಗೆ ಬಾರದು. ಧರ್ಮಪುರಕ್ಕೆ ದೊಡ್ಡದೊಂದು ಹಳೆಯ ಕೆರೆಯಿದೆ. ಅದಕ್ಕೆ ಹೊರಗಿನಿಂದ ನೀರು ತಂದು ತುಂಬಿಸಬೇಕೆಂಬ ಬೇಡಿಕೆ ಬಹುಕಾಲದ್ದು. ಇಂತಹ ನೆಲದಲ್ಲಿ ಭತ್ತವನ್ನು ನಂಬಿ ಕೂರುವಂತಿರಲಿಲ್ಲ. ರಾಗಿ, ನವಣೆ, ಸಾಮೆ, ಹಾರಕ, ಕೊರಲೆ, ಜೊತೆಗೆ ಹುರುಳಿ, ಹೆಸರು, ಅವರೆ, ತೊಗರಿ: ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂದು ರೈತರು ಹಲವನ್ನು ಬಿತ್ತಿದರು. ಅಡುಗೆಯ ಬದಲಿ ಲೆಕ್ಕ ಹೊಲದಲ್ಲೇ ಆರಂಭವಾಗುತ್ತಿತ್ತು.

ಇವುಗಳಲ್ಲಿ ಕೊರಲೆಯ ಕತೆ ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸುತ್ತದೆ. ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಹೆಸರು ನಿಮಗೆ ಗೊತ್ತು. ಬಿ. ಎಲ್. ರೈಸ್ ಅವರು 1892ರಲ್ಲಿ ಅಲ್ಲಿ ಅಶೋಕನ ಶಾಸನವನ್ನು ಗುರುತಿಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಉತ್ಖನನ ನಡೆಸಿದಾಗ, ಅಶೋಕನಿಗಿಂತ ಎಷ್ಟೋ ಹಿಂದಿನ ಕಲ್ಲುಕೊಡಲಿಯ ಜನರ ನೆಲೆ ಹೊರಬಂತು. ಆ ನವಶಿಲಾಯುಗದ ಜನ ಏನು ತಿನ್ನುತ್ತಿದ್ದರು? ಬಳ್ಳಾರಿ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಂಡೆಯ ಹಳ್ಳೂರು ಮೊದಲಾದ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟ ಕಾಳುಗಳನ್ನು ವಿಜ್ಞಾನಿಗಳು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ್ದಾರೆ. ಸಿಕ್ಕಿದ್ದು ಹುರುಳಿ, ಹೆಸರು ಮತ್ತು ಕೊರಲೆ! ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಕೊರಲೆ ಇಂದು ನಾಡಿನ ಬಹುಭಾಗದಲ್ಲಿ ಮರೆತುಹೋಗಿದೆ. ಉಳಿದಿರುವುದು ಮುಖ್ಯವಾಗಿ ತುಮಕೂರು, ಚಿತ್ರದುರ್ಗ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಮತ್ತು ಪಕ್ಕದ ಅನಂತಪುರದ ಕಡೆ; ಎಂದರೆ ಧರ್ಮಪುರದ ಸುತ್ತಮುತ್ತಲ ಸೀಮೆಯಲ್ಲಿ. ಹುಣಸೆಮರದ ನೆರಳಲ್ಲೂ ಬೆಳೆಯುವ, ಎರಡೂವರೆ ತಿಂಗಳಲ್ಲಿ ಕೊಯ್ಲಿಗೆ ಬರುವ ಬೆಳೆ ಅದು. ಕಷ್ಟವಿರುವುದು ಸಿಪ್ಪೆ ಬಿಡಿಸುವುದರಲ್ಲಿ. ಒನಕೆ ಹಿಡಿಯುವ ಕೈಗಳು ಕಡಿಮೆಯಾದಂತೆ ಕೊರಲೆಯೂ ಕಡಿಮೆಯಾಯಿತು.

ಹಾಗಾದರೆ ರಾಗಿ? ಅದು ಇಲ್ಲಿಯದೇ ಎಂದು ಹೇಳಹೊರಟರೆ ತಪ್ಪಾಗುತ್ತದೆ. ಅದರ ಮೂಲ ಪೂರ್ವ ಆಫ್ರಿಕದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದು ಕನ್ನಡ ನಾಡಿನ ಮಗನಾಯಿತು. ಹುಣಸೆಯೂ, ಚಟ್ನಿಪುಡಿಗೆ ಬಳಸುವ ಹುಚ್ಚೆಳ್ಳೂ ಅದೇ ಖಂಡದಿಂದ ಬಂದವು.

ಕನಕದಾಸರ ‘ರಾಮಧಾನ್ಯಚರಿತೆ’ಯ ಕಥೆ ನಿಮಗೆ ತಿಳಿದಿದೆ. ಭತ್ತಕ್ಕೂ ರಾಗಿಗೂ ಯಾರು ಶ್ರೇಷ್ಠರೆಂಬ ಜಗಳ ಬರುತ್ತದೆ; ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ; ಭತ್ತ ಸೊರಗುತ್ತದೆ, ರಾಗಿ ಗೆಲ್ಲುತ್ತದೆ. ಬಡವ ಬಲ್ಲಿದರ ವಾದವೆಂದು ಇದನ್ನು ಪಾಠ ಮಾಡುತ್ತಾರೆ, ಸರಿಯೇ. ಆದರೆ ಆರು ತಿಂಗಳ ಆ ಪರೀಕ್ಷೆ ಬರಿಯ ಕವಿಕಲ್ಪನೆಯಲ್ಲ. ರಾಗಿಯ ಕಾಳು ಚಿಕ್ಕದು, ಜಿಡ್ಡು ಕಡಿಮೆ, ಹೊರಸಿಪ್ಪೆಯಲ್ಲಿ ಹುಳುವಿಗೆ ಹಿಡಿಸದ ಒಗರು. ಅದನ್ನು ‘ಹಗೇವು’ ಎಂಬ ನೆಲದಡಿಯ ಕಣಜದಲ್ಲಿ ತುಂಬಿ, ಹುಲ್ಲು ಹೊದಿಸಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯಲ್ಲಿದ್ದ ಆಮ್ಲಜನಕ ತೀರಿದ ಮೇಲೆ ಹುಳುಗಳು ಬದುಕಲಾರವು. ರಾಗಿ ವರ್ಷಗಟ್ಟಲೆ ಉಳಿಯುತ್ತಿತ್ತು. ಇದೇ ಕಾರಣಕ್ಕೆ ಹಗೇವು ತೆರೆದೊಡನೆ ಯಾರೂ ಒಳಗಿಳಿಯುತ್ತಿರಲಿಲ್ಲ. ಇಳಿದರೆ ಉಸಿರುಕಟ್ಟಿ ಸಾಯುವ ಅಪಾಯವಿತ್ತು.

ಒಂದು ವರ್ಷ ಮಳೆ ಹೋದರೆ ಹಗೇವು ಕಾಯುತ್ತಿತ್ತು. ಮೇಲಿಂದ ಮೇಲೆ ಹೋದರೆ? 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಆದದ್ದು ಅದೇ. 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆಗ ಸಂಸ್ಥಾನದೊಳಗೆ ರೈಲು ಬೆಂಗಳೂರಿನವರೆಗೆ ಮಾತ್ರ. ಹೊರಗಿನಿಂದ ಧಾನ್ಯ ಬಂದರೂ ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಸರಕಾರದ ವರದಿಗಳಲ್ಲಿ ಗಂಜಿಕೇಂದ್ರಗಳ ಲೆಕ್ಕವಿದೆ. ಒಂದು ಹಿಡಿ ಹಿಟ್ಟನ್ನು ಐದು ಬಾಯಿಗೆ ಹೇಗೆ ಹಂಚಿದರು, ಹಿಟ್ಟಿಲ್ಲದ ದಿನ ಯಾವ ಸೊಪ್ಪನ್ನು, ಯಾವ ಗೆಡ್ಡೆಯನ್ನು ಬೇಯಿಸಿದರು ಎಂಬುದನ್ನು ಆ ಹೆಂಗಸರು ಬರೆದಿಡಲಿಲ್ಲ. ಅವರಿಗೆ ಅಕ್ಷರ ಕಲಿಸಿದವರಿರಲಿಲ್ಲ. ಅವರ ದಾಖಲೆ ಉಳಿದಿದ್ದರೆ ಅದು ನಾವು ಇಂದೂ ಮಾಡುವ ಅಡುಗೆಯ ಕ್ರಮದಲ್ಲಿ ಉಳಿದಿದೆ.

ಉಪ್ಪೆಸರನ್ನೇ ತೆಗೆದುಕೊಳ್ಳಿ. ಒಂದು ಪಾವು ಹುರುಳಿಯನ್ನು ರಾತ್ರಿ ನೆನೆಹಾಕಿ. ಬೆಳಗ್ಗೆ ಧಾರಾಳವಾಗಿ ನೀರಿಟ್ಟು ಬೇಯಿಸಿ. ಕಾಳು ಮೆತ್ತಗಾಗುತ್ತಿರುವಾಗ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ. ಬೆಂದ ಮೇಲೆ ಕಟ್ಟನ್ನು ಬಸಿದುಕೊಳ್ಳಿ. ಆರೆಂಟು ಒಣಮೆಣಸಿನಕಾಯಿ ಹುರಿದು, ಬೆಳ್ಳುಳ್ಳಿ, ಜೀರಿಗೆ, ಗೋಲಿಯಷ್ಟು ಹುಣಸೆಹಣ್ಣು, ಉಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಇದೇ ಖಾರ. ಬಿಸಿ ಕಟ್ಟಿಗೆ ಬೇಕಾದಷ್ಟು ಖಾರ ಕದಡಿಕೊಂಡರೆ ಉಪ್ಪೆಸರು. ಬಸಿದ ಕಾಳು ಸೊಪ್ಪಿಗೆ ಈರುಳ್ಳಿ ಸಾಸಿವೆಯ ಒಗ್ಗರಣೆ ಕೊಟ್ಟರೆ ಪಲ್ಯ. ಬೆಂದ ಕಾಳಿನಲ್ಲಿ ಸ್ವಲ್ಪವನ್ನು ಮಸಾಲೆಯೊಡನೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಬಸ್ಸಾರು. ಗಮನಿಸಿ: ಒಂದೇ ಪಾತ್ರೆ, ಒಂದೇ ಬೆಂಕಿ, ಎರಡು ಪದಾರ್ಥ. ಕಾಳು ಬೆಂದ ನೀರಿನ ಸಾರವೂ ವ್ಯರ್ಥವಾಗುವುದಿಲ್ಲ. ಸೌದೆಯೂ ನೀರೂ ತುಟ್ಟಿಯಾದ ಊರಿನಲ್ಲಲ್ಲದೆ ಈ ಕ್ರಮ ಬೇರೆಲ್ಲಿ ಇಷ್ಟು ಗಟ್ಟಿಯಾಗಿ ನಿಲ್ಲಲು ಸಾಧ್ಯ? ಹುರುಳಿಯಿಲ್ಲದಿದ್ದರೆ ಹೆಸರು, ಅವರೆ, ತೊಗರಿ ಯಾವುದಾದರೂ ಆದೀತು. ಸೊಪ್ಪಿಗೆ ಇಂಥದ್ದೇ ಎಂಬ ನಿಯಮವಿಲ್ಲ. ಮಳೆ ಬಿದ್ದ ವಾರದಲ್ಲಿ ಹೊಲದ ಬದುವಿನಲ್ಲಿ ಹುಟ್ಟಿದ ಬೆರಕೆಸೊಪ್ಪಿನ ರುಚಿಯೇ ಬೇರೆ.

ಈ ಖಾರದಲ್ಲಿ ಒಂದು ದೊಡ್ಡ ಚರಿತ್ರೆ ಅಡಗಿದೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಕನ್ನಡದಲ್ಲಿ ಅಡುಗೆಗೆಂದೇ ಹುಟ್ಟಿದ ಕಾವ್ಯ. ಅವನ ಕಾಲದ ಅಡುಗೆಗೆ ಒಣಮೆಣಸಿನಕಾಯಿ ಗೊತ್ತಿಲ್ಲ! ಅಮೆರಿಕ ಖಂಡದ ಆ ಕಾಯಿಯನ್ನು ಇಲ್ಲಿಗೆ ತಂದವರು ಪೋರ್ಚುಗೀಸರು. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅದಕ್ಕೆ ಮುಂಚೆ ಖಾರವೆಂದರೆ ಮಲೆನಾಡಿನ ಮೆಣಸು. ಬಯಲುಸೀಮೆಯವರಿಗೆ ಅದು ದುಡ್ಡು ಕೊಟ್ಟು ಕೊಳ್ಳುವ ವಸ್ತು. ಹೊಸ ಕಾಯಿಯಾದರೋ ಹಿತ್ತಲಲ್ಲೇ ಬೆಳೆಯಿತು. ಜನ ಅದನ್ನು ಮೆಣಸಿನ ಬದಲಿಗೆ ಬಳಸಿದರು, ಹೆಸರನ್ನೂ ಅಲ್ಲಿಂದಲೇ ಎತ್ತಿಕೊಂಡು ‘ಮೆಣಸಿನಕಾಯಿ’ ಎಂದರು. ಕೊನೆಗೆ ಹಳೆಯ ಯಜಮಾನನೇ ‘ಕಾಳುಮೆಣಸು’, ‘ಕರಿಮೆಣಸು’ ಎಂದು ವಿಳಾಸ ಹೇಳಿಕೊಳ್ಳಬೇಕಾಯಿತು. ಕಡಲೆಯ ಹೆಸರು ಹೊತ್ತ ಕಡಲೆಕಾಯಿ, ಜೋಳದ ಹೆಸರು ಹೊತ್ತ ಮೆಕ್ಕೆಜೋಳ ಇವೂ ಅಮೆರಿಕದಿಂದ ಬಂದ ಬದಲಿಗಳೇ. ಪಕ್ಕದ ಚಳ್ಳಕೆರೆ ಎಣ್ಣೆ ಗಿರಣಿಗಳ ಊರೆಂದು ಹೆಸರಾದದ್ದು ಹೀಗೆ ಬಂದ ಕಡಲೆಕಾಯಿಯಿಂದ. ಅಡುಗೆಮನೆಯ ಹೆಸರುಗಳನ್ನು ಹೀಗೆ ಬಿಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ, ಶಾಸನ ಓದಿದಷ್ಟೇ ಲಾಭವಿದೆ.

ನೀರು ಬಂದ ಕಡೆ ಅಡುಗೆ ಬೇರೆಯಾಯಿತು. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ಮಾರಿಕಣಿವೆಯ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಹಿರಿಯೂರಿನ ಬಯಲಿಗೆ ತೆಂಗು, ಅಡಿಕೆ, ಭತ್ತಗಳನ್ನು ತಂದಿತು. 1933ರಲ್ಲಿ ಕೋಡಿ ಹರಿದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಲ್ಲಿಯ ಮಳೆಯ ಸ್ವಭಾವ ಇಷ್ಟರಿಂದಲೇ ನಿಮಗೆ ಅರ್ಥವಾದೀತು. ಕಾಲುವೆಯ ಮಗ್ಗುಲಿನ ಮನೆಯಲ್ಲಿ ಸಾರಿಗೆ ತೆಂಗಿನಕಾಯಿ ರುಬ್ಬುವುದು ರೂಢಿಯಾದರೆ, ಕಾಲುವೆ ಮುಟ್ಟದ ಕಡೆ ಬೆಂದ ಬೇಳೆ, ಹುರಿದ ಕಡಲೆಕಾಯಿ, ಹುಚ್ಚೆಳ್ಳುಪುಡಿಗಳೇ ಸಾರನ್ನು ಗಟ್ಟಿ ಮಾಡಿದವು. ಇದನ್ನು ಇಂದಿಗೂ ನೀವು ಉಪಯೋಗಿಸಬಹುದು. ತೆಂಗಿನಕಾಯಿ ತುಟ್ಟಿಯಾದಾಗ ಎರಡು ಚಮಚ ಹುರಿದ ಕಡಲೆಕಾಯಿಯ ಪುಡಿ ಹಾಕಿ ನೋಡಿ. ಕೊನೆಯಲ್ಲಿ ಹಾಕಬೇಕು, ಹೆಚ್ಚು ಕುದಿಸಬಾರದು.

ಸ್ವಾತಂತ್ರ್ಯಾನಂತರ ‘ಬದಲಿ’ ಎಂಬುದು ಸರಕಾರದ ಕೆಲಸವೂ ಆಯಿತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು, ಅಕ್ಕಿ ಗೋಧಿಗಳ ಅಭಾವದ ಆ ದಿನಗಳಲ್ಲಿ ಮರಗೆಣಸಿನ ಹಿಟ್ಟಿಗೆ ಕಡಲೆಕಾಯಿ ಹಿಟ್ಟು ಬೆರೆಸಿ ‘ಮೈಸೂರು ಹಿಟ್ಟು’ ತಯಾರಿಸಿದರು. ಮಂಡ್ಯದ ವಿ. ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಹೆಚ್ಚು ಇಳುವರಿಯ ತಳಿಗಳನ್ನು ಪಡೆದರು. ಅವುಗಳ ಹೆಸರು ‘ಇಂಡಾಫ್’. ಇಂಡಿಯಾದ ‘ಇಂಡ್’, ಆಫ್ರಿಕದ ‘ಆಫ್’. ಸಾವಿರಾರು ವರ್ಷಗಳ ಹಿಂದೆ ಬೇರೆಯಾದ ದಾಯಾದಿಗಳು ಮಂಡ್ಯದಲ್ಲಿ ಕೂಡಿದರು.

ಇಷ್ಟಾದರೂ ರಾಗಿ, ಕೊರಲೆಗಳು ಊಟದ ತಟ್ಟೆಯಿಂದ ಹಿಂದೆ ಸರಿದವು. ನ್ಯಾಯಬೆಲೆ ಅಂಗಡಿಯ ಅಕ್ಕಿ, 2013ರಲ್ಲಿ ಆರಂಭವಾದ ಅನ್ನಭಾಗ್ಯ, ಬರದ ಸೀಮೆಯ ಹಸಿವನ್ನು ತಗ್ಗಿಸಿದವು. ಧಾತು ಬರದ ಲೆಕ್ಕ ಓದಿದವರು ಇದನ್ನು ಲಘುವಾಗಿ ಕಾಣಲಾರರು. ಆದರೆ ಅನ್ನ ಉಣ್ಣುವವನು ಅನುಕೂಲಸ್ಥ, ಮುದ್ದೆ ಉಣ್ಣುವವನು ಬಡವ ಎಂಬ ಭಾವನೆಯೂ ಜೊತೆಗೇ ಬೆಳೆಯಿತು. ಹಾಸ್ಟೆಲಿನಲ್ಲಿ ಗೆಳೆಯರೆದುರು ಮುದ್ದೆ ಮುರಿಯಲು ಸಂಕೋಚಪಡುವ ಹುಡುಗರನ್ನು ನೀವೂ ಕಂಡಿರಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಹುರುಳಿಯಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಮೀರಿ ಸಸಾರಜನಕವಿದೆ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಅದೇ ಕೊರಲೆ, ನವಣೆಗಳು ಪಟ್ಟಣದ ಅಂಗಡಿಯಲ್ಲಿ ಚೆಂದದ ಪೊಟ್ಟಣ ಹೊಕ್ಕು ಅಕ್ಕಿಗಿಂತ ತುಟ್ಟಿಯಾಗಿ ಕುಳಿತಿವೆ. ಬೆಳೆದ ಊರಿನ ಮಕ್ಕಳು ಅವುಗಳ ಹೆಸರನ್ನು ಪೊಟ್ಟಣದ ಮೇಲೆ ಓದಿ ತಿಳಿಯಬೇಕೇ?

ಮುದ್ದೆ ಕಟ್ಟಲು ಬಾರದವರಿಗೆ ಒಂದು ಸುಲಭ ಕ್ರಮ. ಎರಡು ಲೋಟ ನೀರಿಗೆ ಒಂದು ಲೋಟ ಹಿಟ್ಟು. ನೀರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಕುದಿಸಿ. ಕುದಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲು ಬಿಡಿ. ಆತುರಪಟ್ಟು ಕಲಕಿದರೆ ಗಂಟಾಗುವುದು ಖಂಡಿತ. ಆಮೇಲೆ ಕೋಲಿನಿಂದ ಪಾತ್ರೆಯ ಬದಿಗೆ ಒತ್ತಿ ತಿರುವಿ, ಮುಚ್ಚಿ ಎರಡು ನಿಮಿಷ ಉಗಿಯಲ್ಲಿಟ್ಟು, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ.

ಕೊರಲೆ ಅನ್ನ ಮಾಡುವವರು ಅಕ್ಕಿಯನ್ನು ಅರ್ಧ ಗಂಟೆಯಾದರೂ ನೆನೆಸಿ, ಒಂದಕ್ಕೆ ಎರಡೂವರೆ ಪಾಲು ನೀರಿಟ್ಟು ಬೇಯಿಸಬೇಕು. ಒಲೆಯಿಂದ ಇಳಿಸಿ ಹತ್ತು ನಿಮಿಷ ಮುಚ್ಚಿಟ್ಟರೆ ಉದುರಾಗುತ್ತದೆ. ಮಜ್ಜಿಗೆಗೂ ಒಗ್ಗುತ್ತದೆ, ಹುರುಳಿ ಸಾರಿಗೂ ಒಗ್ಗುತ್ತದೆ. ಕೊರಲೆ ಸಿಗದಿದ್ದರೆ ಸಾಮೆ, ಸಾಮೆಯೂ ಇಲ್ಲದಿದ್ದರೆ ನವಣೆ.